ಹಣ್ಣಾಗುವ ಮುಂಚೆ ಉದುರುವವರು

ನಮ್ಮ ಸೀಮೆಯಲ್ಲಿ ರೇಷ್ಮೆ ಹುಳಕ್ಕೂ ಮನುಷ್ಯರಿಗೂ ಮುಪ್ಪಿಗೆ ಒಂದೇ ಮಾತಿದೆ, ಹಣ್ಣಾಗುವುದು. ನಾಲ್ಕು ಜ್ವರ ಕಳೆದು, ಇಪ್ಪತ್ತೈದು ದಿನ ಸೊಪ್ಪು ಮೇಯ್ದು, ಮೈ ಹೊಳೆಯತೊಡಗಿದ ಹುಳವನ್ನು ಕಂಡು ‘ಹುಳ ಹಣ್ಣಾಯ್ತು, ಚಂದ್ರಂಕಿಗೆ ಬಿಡ್ರಪ್ಪ’ ಅನ್ನುತ್ತಾರೆ. ಎಂಬತ್ತು ದಾಟಿ ಜಗಲಿಯ ಮೇಲೆ ಕೂತ ಯಜಮಾನರನ್ನು ಕಂಡು ‘ಹಣ್ಣಾಗವ್ರೆ’ ಅನ್ನುತ್ತಾರೆ. ಈ ಮಾತಿನಲ್ಲಿ ಒಂದು ಗೌರವ ಇದೆ, ಕಾಲ ತುಂಬಿ ಬಂದಿದೆ ಅನ್ನುವ ಅರ್ಥ ಇದೆ. ನನ್ನ ದೊಡ್ಡವ್ವನ ವಿಷಯದಲ್ಲಿ ಯಾರೂ ಈ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಅವಳನ್ನು ಕಂಡು ಅನ್ನುವುದು ‘ಸವೆದೋಗವ್ಳೆ’ ಅಂತ.

ದೊಡ್ಡವ್ವ ಎಂಟೋ ಒಂಬತ್ತೋ ವರ್ಷದವಳಿದ್ದಾಗ ರಾಮನಗರದ ಒಂದು ನೂಲು ಬಿಚ್ಚುವ ಮನೆಗೆ ಸೇರಿದಳು. ಅಪ್ಪ ಮುಂಗಡ ತಂದಿದ್ದ. ಅದು ತೀರುವ ತನಕ ಹುಡುಗಿ ಅಲ್ಲಿ. ಕುದಿಸಿದ ಗೂಡನ್ನು ಬಿಸಿನೀರಿನ ತೊಟ್ಟಿಗೆ ಹಾಕಿ, ಬೆರಳಿನಿಂದ ತಡಕಿ ಎಳೆಯ ತುದಿ ಹಿಡಿಯಬೇಕು. ಚಮಚದಲ್ಲಿ ತುದಿ ಸಿಕ್ಕುವುದಿಲ್ಲ, ಬೆರಳೇ ಬೇಕು, ಎಳೆ ಬೆರಳಾದರೆ ಇನ್ನೂ ಒಳ್ಳೆಯದು ಅನ್ನುತ್ತಿದ್ದರಂತೆ. ಗೂಡಿನ ಅಂಟು, ಸತ್ತ ಹುಳದ ನಾತ, ಒಲೆಯ ಹೊಗೆ, ದಿನವಿಡೀ ಆವಿ. ಅವಳ ಅಂಗೈ ಚರ್ಮ ಸುಲಿದು ಸುಲಿದು ಈಗ ಅದರಲ್ಲಿ ಗೆರೆಗಳೇ ಇಲ್ಲ. ಆಧಾರ್ ಕಾರ್ಡಿಗೆ ಬೆರಳು ಒತ್ತಲು ಹೋದಾಗ ಯಂತ್ರ ಮೂರು ಸಲ ಅವಳನ್ನು ಒಪ್ಪಲಿಲ್ಲ. ನಾಲ್ಕನೇ ಸಲ ಒಪ್ಪಿತು, ಹುಟ್ಟಿದ ದಿನ ಜನವರಿ 1 ಅಂತ ಬರೆದುಕೊಂಡಿತು. ಅದರ ಪ್ರಕಾರ ಅವಳಿಗೆ ಈಗ 57. ನೋಡಿದವರು ಎಪ್ಪತ್ತೈದು ಅನ್ನುತ್ತಾರೆ. ನಾಲ್ಕು ಹೆಜ್ಜೆ ಹಾಕಿದರೆ ಎದೆ ಸಿಳ್ಳೆ ಹೊಡೆಯುತ್ತದೆ. ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿದ್ದೆವು. ‘ಇನ್ನೂ ವಯಸ್ಸಾಗಿಲ್ಲ’ ಅಂತ ಒಂದು ಕಚೇರಿಯಿಂದ ವಾಪಸ್ಸು ಬಂತು.

ನಾನು ಮೇಷ್ಟ್ರು. ಹುಟ್ಟಿದ ತಾರೀಖು ಹೇಗೆ ಹುಟ್ಟುತ್ತದೆ ಅನ್ನುವುದು ನನಗೆ ಗೊತ್ತು. ಹಳೆಯ ದಾಖಲಾತಿ ಪುಸ್ತಕ ತೆಗೆದರೆ ಹಟ್ಟಿಯ ಮಕ್ಕಳೆಲ್ಲ ಜೂನ್ 1ರಂದೇ ಹುಟ್ಟಿದ್ದಾರೆ. ಆಗಿನ ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟುತ್ತದೋ ಇಲ್ಲವೋ ನೋಡಿ ವಯಸ್ಸು ಬರೆದರು. ನನ್ನದೂ ಹಾಗೇ ಬರೆದದ್ದೇ.

ಹೋದ ವರ್ಷ ಮುಪ್ಪನ್ನು ನಿಧಾನಿಸುವ ವಿಜ್ಞಾನದ ಬಗ್ಗೆ ಓದಿ ಉತ್ಸಾಹದಲ್ಲಿ ದೊಡ್ಡವ್ವನಿಗೆ ಹೇಳಿದೆ. ಮನುಷ್ಯ ಇನ್ನೂ ಬಹಳ ಕಾಲ, ಕಾಯಿಲೆಯಿಲ್ಲದೆ, ಗಟ್ಟಿಯಾಗಿ ಬದುಕುವ ದಾರಿ ಹುಡುಕುತ್ತಿದ್ದಾರೆ ಅಂದೆ. ಅವಳು ಎಲೆ ಮಡಿಸುತ್ತ ಕೇಳಿದಳು: ‘ಇನ್ನೂ ಐವತ್ತು ವರ್ಷ ಬದುಕಿ ಏನ್ಲಾ ಮಾಡ್ಲಿ? ಇನ್ನೂ ಐವತ್ತು ವರ್ಷ ಬಿಸ್ನೀರಿಗೆ ಕೈ ಇಡ್ಲಾ?’

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಈ ಲೇಖನ ಬರೆಯುತ್ತಿದ್ದೇನೆ. ಹೆಚ್ಚು ಕಾಲ ಬದುಕಬೇಕು, ಮುಪ್ಪನ್ನು ಮುಂದೂಡಬೇಕು ಅನ್ನುವ ಆಸೆ ಸರಿಯೇ ತಪ್ಪೇ? ಸರಿಯಾದರೆ ಯಾರಿಗೆ, ಯಾರ ಖರ್ಚಿನಲ್ಲಿ?

ಮೊದಲು ವಿಜ್ಞಾನ. ಅದು ನಮ್ಮ ಹುಳದ ತಟ್ಟೆಯಿಂದಲೇ ಶುರುವಾಗುತ್ತದೆ ಅಂದರೆ ಉತ್ಪ್ರೇಕ್ಷೆಯಲ್ಲ. ಮುಪ್ಪು ಅಂದರೆ ಗಾಡಿಯ ಚಕ್ರ ಸವೆದ ಹಾಗೆ ಸವೆಯುವುದು ಅಂತ ನಾವೆಲ್ಲ ತಿಳಿದಿದ್ದೇವೆ. 1930ರ ದಶಕದಲ್ಲಿ ಇಂಗ್ಲೆಂಡಿನ ವಿಗಲ್ಸ್‌ವರ್ತ್ ಅನ್ನುವವರು ರಕ್ತ ಹೀರುವ ಒಂದು ತಿಗಣೆ ಜಾತಿಯ ಕೀಟದಲ್ಲಿ ಬೇರೆಯೇ ಕಂಡರು. ಅದರ ತಲೆಯಲ್ಲಿರುವ ಒಂದು ಸಣ್ಣ ಗ್ರಂಥಿ ಒಂದು ರಸ ಸುರಿಸುತ್ತಿರುವ ತನಕ ಕೀಟ ಮರಿಯಾಗಿಯೇ ಇರುತ್ತದೆ. ರಸ ನಿಂತರೆ ದೊಡ್ಡದಾಗುತ್ತದೆ. ಫ್ರಾನ್ಸಿನ ಬೂನಿಯೋಲ್ ರೇಷ್ಮೆ ಹುಳದಲ್ಲೇ ಆ ಗ್ರಂಥಿಯನ್ನು ಕಿತ್ತು ನೋಡಿದರು: ಎಳೆ ಹುಳ ಅಕಾಲದಲ್ಲಿ ಹಣ್ಣಾಗಿ ಗುಬ್ಬಚ್ಚಿ ಗಾತ್ರದ ಗೂಡೂ ಅಲ್ಲ, ಕಡಲೆಕಾಳಿನಂಥ ಗೂಡು ಕಟ್ಟಿತು. ಹಣ್ಣಾಗಿಸುವ ಇನ್ನೊಂದು ರಸವನ್ನು 1954ರಲ್ಲಿ ಜರ್ಮನಿಯ ಬೂಟೆನಾಂಟ್ ಮತ್ತು ಕಾರ್ಲ್‌ಸನ್ ಬೇರ್ಪಡಿಸಿದರು. 500 ಕಿಲೋ ರೇಷ್ಮೆ ಹುಳದ ಕೋಶ ಅರೆದು ಸಿಕ್ಕಿದ್ದು 25 ಮಿಲಿಗ್ರಾಂ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ಅದೇ ಬಗೆಯ ವಸ್ತುವನ್ನು ಗಿಡದಿಂದ ತೆಗೆದು ‘ಸಂಪೂರ್ಣ’ ಅನ್ನುವ ಹೆಸರಿನಲ್ಲಿ ರೈತರಿಗೆ ಕೊಟ್ಟರು. ಅದನ್ನು ಸೊಪ್ಪಿಗೆ ಚಿಮುಕಿಸಿದರೆ ಹುಳಗಳೆಲ್ಲ ಒಟ್ಟಿಗೆ ಹಣ್ಣಾಗುತ್ತವೆ. ಇನ್ನೊಂದು ಔಷಧಿ ಚಿಮುಕಿಸಿದರೆ ಹುಳ ಒಂದು ದಿನ ಹೆಚ್ಚು ಮರಿಯಾಗಿದ್ದು, ಹೆಚ್ಚು ಸೊಪ್ಪು ತಿಂದು, ದಪ್ಪ ಗೂಡು ಕಟ್ಟುತ್ತದೆ.

ಅಂದರೆ ಹರೆಯವನ್ನು ಹಿಡಿದು ನಿಲ್ಲಿಸುವ, ಮುಪ್ಪನ್ನು ಕರೆದು ತರುವ ವಿದ್ಯೆ ನಮ್ಮ ಹಿಪ್ಪುನೇರಳೆ ತೋಟಗಳಿಗೆ ಯಾವತ್ತೋ ಬಂದಿದೆ. ಆದರೆ ಹುಳದ ಹರೆಯ ಒಂದು ದಿನ ಹೆಚ್ಚಿದ್ದು ಹುಳದ ಸುಖಕ್ಕಲ್ಲ. ಗೂಡು ಕಟ್ಟಿದ ಮೇಲೆ ಅದನ್ನು ಆವಿಗೆ ಹಿಡಿಯುತ್ತಾರೆ. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಇದು ಮುಂದೆ ಬರುತ್ತದೆ.

ಮುಂದಿನ ಕೆಲಸಗಳು ಬೇಗ ಬೇಗ ನಡೆದವು. 1993ರಲ್ಲಿ ಅಮೆರಿಕದ ಸಿಂಥಿಯಾ ಕೆನ್ಯನ್ ಅವರ ತಂಡ ಮಣ್ಣಿನಲ್ಲಿರುವ ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ಒಂದೇ ಒಂದು ಜೀನ್ ಬದಲಾದರೆ ಆಯುಸ್ಸು ಎರಡರಷ್ಟಾಗುತ್ತದೆ ಅಂತ ತೋರಿಸಿತು. ಅದೂ ತೆವಳುತ್ತ ನರಳುತ್ತ ಅಲ್ಲ, ಚುರುಕಾಗಿ ಓಡಾಡುತ್ತ. 2009ರಲ್ಲಿ, ಮನುಷ್ಯರ ಲೆಕ್ಕದಲ್ಲಿ ಅರವತ್ತಕ್ಕೆ ಸಮನಾದ ವಯಸ್ಸಿನ ಇಲಿಗಳಿಗೆ ರಾಪಮೈಸಿನ್ ಅನ್ನುವ ಔಷಧಿ ತಿನ್ನಿಸಿದಾಗ ಅವು ಹೆಚ್ಚು ಕಾಲ ಬದುಕಿದವು. ಜಪಾನಿನ ಯಮನಾಕ 2006ರಲ್ಲಿ ನಾಲ್ಕು ಜೀನುಗಳಿಂದ ಇಲಿಯ ಬೆಳೆದ ಜೀವಕೋಶವನ್ನು ಭ್ರೂಣದ ಸ್ಥಿತಿಗೆ ಮರಳಿಸಿದರು. ಇವು ಯಾವುವೂ ಮನುಷ್ಯನ ಮುಪ್ಪನ್ನು ಇನ್ನೂ ನಿಲ್ಲಿಸಿಲ್ಲ. ಪೇಟೆಯಲ್ಲಿ ಹರೆಯದ ಗುಳಿಗೆ ಅಂತ ಮಾರುವವರನ್ನು ನಂಬಿ ದುಡ್ಡು ಕಳೆದುಕೊಳ್ಳಬೇಡಿ. ಆದರೆ ಒಂದು ಮಾತು ಸ್ಥಿರವಾಗಿದೆ. ಮುಪ್ಪು ಬರುವ ವೇಗ ಕಲ್ಲಿನ ಮೇಲೆ ಕೊರೆದದ್ದಲ್ಲ. ಸೆಟೆವ್ವ ಹಣೆಯ ಮೇಲೆ ಬರೆದದ್ದೂ ಅಲ್ಲ.

ಹಣೆಬರಹವನ್ನು ಒಪ್ಪದವರು ನಾವು. ಆದ್ದರಿಂದ ಈ ವಿಜ್ಞಾನವನ್ನು ಮೊದಲು ಸ್ವಾಗತಿಸಬೇಕಾದವರೂ ನಾವೇ. ಹಾಗಿದ್ದೂ ನಮ್ಮ ಗೆಳೆಯರಲ್ಲಿ ಇದರ ಬಗ್ಗೆ ತಾತ್ಸಾರವೇ ಹೆಚ್ಚು. ‘ಹೊಟ್ಟೆಗಿಲ್ಲದೋರಿಗೆ ಇದೆಲ್ಲ ಯಾಕೆ ಸಾರ್, ಸಾಹುಕಾರರ ತೆವಲು’ ಅಂತ ಒಬ್ಬ ಹುಡುಗ ಅಂದ. ಅವನ ಮಾತಿಗೆ ಆಧಾರ ಇದೆ. ಅಮೆರಿಕದ ಬ್ರಯಾನ್ ಜಾನ್ಸನ್ ಅನ್ನುವ ಉದ್ಯಮಿ ತನ್ನ ಮೈಗೆ ವಯಸ್ಸಾಗದಿರಲಿ ಅಂತ ವರ್ಷಕ್ಕೆ ಇಪ್ಪತ್ತು ಲಕ್ಷ ಡಾಲರ್ ಸುರಿಯುತ್ತಾನೆ ಅಂತ ಸುದ್ದಿಯಾಯಿತು. 2023ರಲ್ಲಿ ಅವನು ತನ್ನ ಹದಿನೇಳು ವರ್ಷದ ಮಗನ ರಕ್ತದ ಪ್ಲಾಸ್ಮಾವನ್ನು ತನ್ನ ಮೈಗೆ ಏರಿಸಿಕೊಂಡ. ಆಮೇಲೆ ಪ್ರಯೋಜನ ಕಾಣಲಿಲ್ಲ ಅಂತ ಅವನೇ ಹೇಳಿ ಬಿಟ್ಟುಬಿಟ್ಟ. ಓದಿದವರಿಗೆಲ್ಲ ಯಯಾತಿ ನೆನಪಾದ. ಶುಕ್ರಾಚಾರ್ಯನ ಶಾಪದಿಂದ ಮುಪ್ಪಾದ ರಾಜ, ಮಕ್ಕಳ ಮುಂದೆ ಕೈಚಾಚಿ ಹರೆಯ ಬೇಡುತ್ತಾನೆ. ಕಿರಿಮಗ ಪುರು ಕೊಡುತ್ತಾನೆ. ಕಾರ್ನಾಡರು ಈ ಕಥೆಯನ್ನು ನಾಟಕ ಮಾಡಿದ್ದನ್ನು ನಮ್ಮ ಕಾಲೇಜು ಹುಡುಗರು ಓದಿದ್ದಾರೆ.

ಆದರೆ ನನಗೆ ಯಯಾತಿ ಅಮೆರಿಕದ ತನಕ ಹೋಗಿ ಕಾಣಬೇಕಾಗಲಿಲ್ಲ. ಪುರು ಅರಮನೆಯ ಮಗ, ಅವನನ್ನು ಕೇಳಿ ಪಡೆದರು. ಕೊಟ್ಟದ್ದಕ್ಕೆ ರಾಜ್ಯ ಸಿಕ್ಕಿತು. ದೊಡ್ಡವ್ವನನ್ನು ಯಾರು ಕೇಳಿದರು? 1996ರಲ್ಲೂ 2003ರಲ್ಲೂ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಜೀತದ ಮಕ್ಕಳ ಬಗ್ಗೆ ವರದಿ ತಂದಾಗ ಅದರಲ್ಲಿ ಕರ್ನಾಟಕದ ರೇಷ್ಮೆ ಉದ್ಯಮದ ಮಕ್ಕಳ ಕಥೆ ಇತ್ತು. ಮುಂಗಡಕ್ಕೆ ಕಟ್ಟುಬಿದ್ದು ಗೂಡು ಬಿಚ್ಚಿದ, ನೂಲು ತಿರುವಿದ ಮಕ್ಕಳು, ಸುಟ್ಟ ಕೈಗಳು, ಹೊಗೆ ತುಂಬಿದ ಎದೆಗಳು. ಇವರಲ್ಲಿ ಬಹುಪಾಲು ದಲಿತರ, ಮುಸಲ್ಮಾನರ ಮಕ್ಕಳು. ಮುಸಲ್ಮಾನರ ಬೀದಿಯ ಹೆಣ್ಣುಮಕ್ಕಳೂ ನಮ್ಮ ಹಟ್ಟಿಯ ಹೆಣ್ಣುಮಕ್ಕಳೂ ಜಾತಿ ಧರ್ಮ ಮರೆತು ಒಂದೇ ತೊಟ್ಟಿಗೆ ಕೈಯಿಟ್ಟರು ಅನ್ನುವುದೇ ಅದರಲ್ಲಿದ್ದ ಒಂದೇ ಸಮಾನತೆ. ಈಗ ಮಕ್ಕಳ ದುಡಿತ ಕಡಿಮೆಯಾಗಿದೆ, ಸ್ವಯಂಚಾಲಿತ ಯಂತ್ರಗಳು ಬಂದಿವೆ. ಇದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಆದರೆ ಆ ಮಕ್ಕಳು ಎಲ್ಲಿಗೂ ಹೋಗಿಲ್ಲ. ಅವರಿಗೀಗ ಮೂವತ್ತು, ನಲವತ್ತು, ಐವತ್ತು. ಅವರ ಹರೆಯ ಮದುವೆ ಮನೆಗಳಲ್ಲಿ ಮಿರುಗುತ್ತಿದೆ. ಅವರ ಬಳಿ ಮುಪ್ಪು ಉಳಿದಿದೆ.

ಇದು ಬರೀ ಕವಿಮಾತಲ್ಲ. ಮುಪ್ಪನ್ನು ನಿಧಾನಿಸಬಹುದಾದರೆ ಬೇಗ ತರಿಸಲೂ ಬಹುದು. ಮನುಷ್ಯರ ಮಟ್ಟಿಗೆ ಈ ಎರಡನೆಯದಕ್ಕೇ ಗಟ್ಟಿ ಸಾಕ್ಷಿ ಇರುವುದು. 1992ರಲ್ಲಿ ಅಮೆರಿಕದ ಆರ್ಲೀನ್ ಜೆರೋನಿಮಸ್ ಕಪ್ಪು ತಾಯಂದಿರ ಮೇಲೆ ಒಂದು ವಾದ ಮಂಡಿಸಿದರು. ಬಿಳಿಯ ಹೆಂಗಸರಲ್ಲಿ ಹದಿಹರೆಯಕ್ಕಿಂತ ಇಪ್ಪತ್ತು ದಾಟಿ ಹೆತ್ತರೆ ಕೂಸು ಉಳಿಯುವ ಸಂಭವ ಹೆಚ್ಚು. ಕಪ್ಪು ಹೆಂಗಸರಲ್ಲಿ ಹಾಗಲ್ಲ, ಇಪ್ಪತ್ತು ದಾಟುತ್ತಿದ್ದ ಹಾಗೆಯೇ ಅಪಾಯ ಏರುತ್ತದೆ. ಬಡತನ, ಅವಮಾನ, ಬಿಡುವಿಲ್ಲದ ದುಡಿತ ಇವೆಲ್ಲ ಸೇರಿ ಅವರ ಮೈಯನ್ನು ಹರೆಯದಲ್ಲೇ ಹಳತು ಮಾಡುತ್ತವೆ ಅಂದರು. ಬಿಸಿಲು ಮಳೆಗೆ ಬಿಟ್ಟ ಮರದ ಹಾಗೆ. 2004ರಲ್ಲಿ ಎಲಿಸಾ ಎಪೆಲ್ ಮತ್ತು ಎಲಿಜಬೆತ್ ಬ್ಲಾಕ್‌ಬರ್ನ್, ಕಾಯಿಲೆಯ ಮಕ್ಕಳನ್ನು ವರ್ಷಗಟ್ಟಲೆ ನೋಡಿಕೊಂಡ ತಾಯಂದಿರ ರಕ್ತ ಪರೀಕ್ಷಿಸಿದರು. ಜೀವಕೋಶದಲ್ಲಿ ವರ್ಣತಂತುವಿನ ತುದಿಗೆ ಒಂದು ಕಾಪು ಇರುತ್ತದೆ, ಲಾಡಿಯ ತುದಿ ಬಿಚ್ಚದಂತೆ ಹಾಕಿದ ಗಂಟಿನ ಹಾಗೆ. ಅದಕ್ಕೆ ಟೆಲೊಮಿಯರ್ ಅನ್ನುತ್ತಾರೆ. ಹೆಚ್ಚು ವರ್ಷ ಸಂಕಟ ಪಟ್ಟವರಲ್ಲಿ, ಹೆಚ್ಚು ಒತ್ತಡ ಅನುಭವಿಸಿದವರಲ್ಲಿ ಅದು ಹೆಚ್ಚು ಮೊಟಕಾಗಿತ್ತು.

ನಮ್ಮ ದೇಶದ ಲೆಕ್ಕವೂ ಇದೆ. ಸ್ವಾತಂತ್ರ್ಯ ಬಂದಾಗ ಭಾರತೀಯನ ಸರಾಸರಿ ಆಯುಸ್ಸು 32ರ ಸುಮಾರು. ಈಗ 70ರ ಸುಮಾರು. ಇದು ಸಣ್ಣ ಸಾಧನೆಯಲ್ಲ. ಲಸಿಕೆ, ಕುಡಿಯುವ ನೀರು, ಪಡಿತರ ಅಕ್ಕಿ, ಹೆರಿಗೆ ಆಸ್ಪತ್ರೆ ಇವು ಸೇರಿ ತಂದ ಆಯುಸ್ಸು. ಯಾವ ಗುಳಿಗೆಯೂ ಇಷ್ಟು ಕೊಟ್ಟಿಲ್ಲ. ಆದರೆ ಸರಾಸರಿ ಅನ್ನುವುದು ಎಲ್ಲರ ತಟ್ಟೆಗೂ ಒಂದೇ ಸಮ ಬಡಿಸಿದ ಊಟವಲ್ಲ. ಆಶೀಶ್ ಗುಪ್ತ, ಸಂಗೀತಾ ವ್ಯಾಸ್ ಮತ್ತು ಪಾಯಲ್ ಹಾಥಿ 2022ರಲ್ಲಿ ಪ್ರಕಟಿಸಿದ ಅಧ್ಯಯನ ಒಂಬತ್ತು ರಾಜ್ಯಗಳ ಎರಡು ಕೋಟಿ ಜನರ ಮಾಹಿತಿಯನ್ನು ನೋಡಿತು. ಮೇಲ್ಜಾತಿ ಹಿಂದೂಗಳಿಗಿಂತ ಆದಿವಾಸಿಗಳ ಆಯುಸ್ಸು ನಾಲ್ಕು ವರ್ಷಕ್ಕೂ ಹೆಚ್ಚು ಕಡಿಮೆ, ದಲಿತರದು ಮೂರು ವರ್ಷಕ್ಕೂ ಹೆಚ್ಚು ಕಡಿಮೆ, ಮುಸಲ್ಮಾನರದು ಸುಮಾರು ಒಂದು ವರ್ಷ ಕಡಿಮೆ. ಬಡತನವನ್ನು ಲೆಕ್ಕದಿಂದ ಕಳೆದರೂ ವ್ಯತ್ಯಾಸ ಪೂರ್ತಿ ಹೋಗುವುದಿಲ್ಲ. ಆ ಒಂಬತ್ತರಲ್ಲಿ ಕರ್ನಾಟಕ ಇಲ್ಲ. ನಮ್ಮಲ್ಲಿ ಹಾಗಿರಲಾರದು ಅಂತ ಸಮಾಧಾನ ಪಟ್ಟುಕೊಳ್ಳುವವರು ಒಂದು ಸಲ ಕನಕಪುರದ ಕಲ್ಲು ಕ್ವಾರಿಗಳ ಕಡೆ ಹೋಗಿ ಬರಲಿ. ಕಲ್ಲಿನ ನಯವಾದ ದೂಳು ಶ್ವಾಸಕೋಶದಲ್ಲಿ ಕೂತರೆ ಅದನ್ನು ತೆಗೆಯುವ ಔಷಧಿ ಜಗತ್ತಿನಲ್ಲೇ ಇಲ್ಲ. ಕೊರೆಯುವ ಜಾಗಕ್ಕೆ ನೀರು ಹಾಯಿಸಿದರೆ ಏಳುವ ದೂಳು ಬಹಳ ಕಡಿಮೆಯಾಗುತ್ತದೆ. ಮುಪ್ಪು ನಿಧಾನಿಸುವ ಔಷಧಿ ಅಂದರೆ ಇಲ್ಲಿ ಒಂದು ನೀರಿನ ಪೈಪು.

ಮಾಗಡಿ ತಾಲ್ಲೂಕಿನವರು ನನ್ನ ಮಾತಿಗೆ ಎದುರು ಹೇಳಬಹುದು. ಅದೇ ತಾಲ್ಲೂಕು ನಾಡಿಗೆ ಇಬ್ಬರು ಶತಾಯುಷಿಗಳನ್ನು ಕೊಟ್ಟಿದೆ. ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 111 ವರ್ಷ ಬಾಳಿ 2019ರ ಜನವರಿಯಲ್ಲಿ ತೀರಿಕೊಂಡರು. ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ ದಾಖಲೆಯ ಪ್ರಕಾರ 114 ವರ್ಷ ಬಾಳಿ 2025ರ ನವೆಂಬರಿನಲ್ಲಿ ತೀರಿಕೊಂಡರು. ಇಬ್ಬರ ಮೇಲೂ ನನಗೆ ಗೌರವ ಇದೆ. ಸ್ವಾಮಿಗಳ ದೀರ್ಘಾಯುಸ್ಸಿಗೆ ಮಿತಾಹಾರ ಕಾರಣ, ನಸುಕಿನ ಪೂಜೆ ಕಾರಣ ಅಂತ ಭಕ್ತರು ಹೇಳುತ್ತಾರೆ; ಇರಬಹುದು. ಸಾವಿರಾರು ಬಡ ಮಕ್ಕಳಿಗೆ ಜಾತಿ ಕೇಳದೆ ಅನ್ನ ಹಾಕಿದ ಮಠ ಅದು. ಆ ಮಕ್ಕಳ ಆಯುಸ್ಸಿಗೆ ಎಷ್ಟು ವರ್ಷ ಸೇರಿತು ಅನ್ನುವ ಲೆಕ್ಕ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ತಿಮ್ಮಕ್ಕನವರದು ಬೇರೆ ದಾರಿ. ಓದಿಲ್ಲ, ಕ್ವಾರಿಯಲ್ಲಿ ಕೂಲಿ, ಮಕ್ಕಳಿಲ್ಲ. ಗಂಡ ಚಿಕ್ಕಯ್ಯನ ಜೊತೆ ಹುಲಿಕಲ್ಲಿನಿಂದ ಕುದೂರಿನ ದಾರಿಗೆ 385 ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. ‘ನೋಡಿ, ದುಡಿದ ಮೈ ಗಟ್ಟಿ ಇರ್ತದೆ, ನಮ್ಮ ಅಜ್ಜಿಯರಿಗೆ ಯಾವ ಔಷಧಿ ಬೇಕಿತ್ತು’ ಅಂತ ಭಾಷಣ ಮಾಡುವವರಿಗೆ ಅವರೊಂದು ಉದಾಹರಣೆಯಾಗಿಬಿಟ್ಟರು. ಈ ಮಾತಿನ ಹುಳುಕು ತಿಳಿಯಬೇಕಾದರೆ ಒಂದೇ ಪ್ರಶ್ನೆ ಸಾಕು. ಕ್ವಾರಿಯಲ್ಲಿ ತಿಮ್ಮಕ್ಕನವರ ಜೊತೆ ಕಲ್ಲು ಹೊತ್ತವರು ಎಷ್ಟು ವಯಸ್ಸಿಗೆ ಹೋದರು? ಆ ಪಟ್ಟಿಯನ್ನು ನಾನು ಎಲ್ಲೂ ಕಂಡಿಲ್ಲ. ದಡ ಸೇರಿದವರನ್ನು ತೋರಿಸಿ ಹೊಳೆ ಆಳವಿಲ್ಲ ಅನ್ನುವ ಮಾತು ಇದು.

ಮಿತಾಹಾರದ ಮಾತು ಬಂತು. ಬೆಂಗಳೂರಿನಲ್ಲಿ ಈಗ ಉಪವಾಸ ಒಂದು ಫ್ಯಾಷನ್ನು. ಇದಕ್ಕೆ ಬೇರು 1935ರಲ್ಲಿದೆ. ಅಮೆರಿಕದ ಕ್ಲೈವ್ ಮೆಕೇ ಬಿಳಿ ಇಲಿಗಳಿಗೆ ಕಡಿಮೆ ತಿನ್ನಿಸಿದಾಗ ಅವು ಹೆಚ್ಚು ಕಾಲ ಬದುಕಿದವು. ಇದನ್ನು ಕೇಳಿ ನಮ್ಮ ಹುಡುಗರು ನಕ್ಕರು: ಹಾಗಾದರೆ ನಮ್ಮ ಹಟ್ಟಿಯವರೆಲ್ಲ ಇನ್ನೂರು ವರ್ಷ ಬದುಕಬೇಕಿತ್ತಲ್ಲ ಸಾರ್! ನಗುವಿನಲ್ಲಿ ವಿಷ ಇದೆ, ಉತ್ತರವೂ ಇದೆ. ಮೆಕೇ ಕಡಿಮೆ ಮಾಡಿದ್ದು ಅಳತೆಯನ್ನು. ಜೀವಸತ್ವ, ಲವಣ, ಪ್ರೋಟೀನು ಯಾವುದನ್ನೂ ತಪ್ಪಿಸಲಿಲ್ಲ. ಹಟ್ಟಿಯ ಹಸಿವಿನಲ್ಲಿ ಮೊದಲು ತಪ್ಪುವುದೇ ಅವು. ಬರೀ ಮುದ್ದೆಗೆ ಉಪ್ಪು ಮೆಣಸಿನಕಾಯಿ. ಮೈಸೂರಿನ ಮಿಷನ್ ಆಸ್ಪತ್ರೆ ಅಂತ ನಾವು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ ಬರೆದಿಟ್ಟ ಪುಸ್ತಕಗಳಿದ್ದವು. ಆ ಕೂಸುಗಳು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದರು: ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ನಡುವಯಸ್ಸಿನ ಹೃದಯದ ಕಾಯಿಲೆ ಹೆಚ್ಚು. ತಾಯಿಯ ಹೊಟ್ಟೆಗೆ ಬಿದ್ದ ಕತ್ತರಿ ಐವತ್ತು ವರ್ಷದ ಮೇಲೆ ಮಗನ ಎದೆಯಲ್ಲಿ ಕಾಣಿಸಿಕೊಳ್ಳುತ್ತದೆ. ಮುಪ್ಪಿನ ವಿಜ್ಞಾನ ಮಾಡುವವರು ಮೊದಲು ಬಸುರಿಯ ತಟ್ಟೆ ನೋಡಬೇಕು.

ಇನ್ನೊಂದು ಕಡೆಯ ವಿರೋಧ ನನಗೆ ಇದಕ್ಕಿಂತ ಹೆಚ್ಚು ಕಾಡುತ್ತದೆ. ಅದು ವೈರಾಗ್ಯದ ಮಾತು. ದೇಹ ನೀರ ಮೇಲಣ ಗುಳ್ಳೆ, ಹುಟ್ಟಿದವನು ಸಾಯಲೇಬೇಕು, ಮುಪ್ಪು ಸಹಜ, ಇದನ್ನು ಮೀರಲು ಹೋಗುವುದು ಅಹಂಕಾರ. ಹಟ್ಟಿಯ ಭಜನೆಯಲ್ಲೂ ಈ ಮಾತು ತುಂಬಿದೆ. ಸಾಯುವುದು ಸಹಜ, ನಾನೂ ಒಪ್ಪುತ್ತೇನೆ. ಆದರೆ 57ಕ್ಕೆ ಎಪ್ಪತ್ತೈದಾಗುವುದು ಸಹಜವೇ? ಇವೆರಡನ್ನೂ ಒಂದೇ ಮಾತಿನಲ್ಲಿ ಕಟ್ಟಿಹಾಕುವುದರಲ್ಲೇ ಮೋಸ ಇರುವುದು. ದೇಹ ನಶ್ವರ ಅಂತ ಹೇಳಿದವರ ದೇಹಕ್ಕೆ ಹಾಲು ತುಪ್ಪ ತಪ್ಪಲಿಲ್ಲ. ಕೇಳಿಸಿಕೊಂಡವರ ದೇಹ ಹೊಲದಲ್ಲಿ, ಹೊಗೆಯಲ್ಲಿ, ಮಲದ ಗುಂಡಿಯಲ್ಲಿ ಕರಗಿತು.

ಇಲ್ಲಿ ಬಾಬಾಸಾಹೇಬರನ್ನು ನೆನೆಯಬೇಕು. ಸಿದ್ಧಾರ್ಥ ಒಬ್ಬ ಮುದುಕನನ್ನು, ಒಬ್ಬ ರೋಗಿಯನ್ನು, ಒಂದು ಹೆಣವನ್ನು ಕಂಡು ಮನೆ ಬಿಟ್ಟ ಅನ್ನುವ ಕಥೆಯನ್ನು ನಾವು ಶಾಲೆಯಲ್ಲಿ ಹೇಳಿಕೊಡುತ್ತೇವೆ. 1957ರಲ್ಲಿ, ಅವರು ತೀರಿಕೊಂಡ ಮೇಲೆ ಹೊರಬಂದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅಂಬೇಡ್ಕರ್ ಈ ಕಥೆಯನ್ನು ಒಪ್ಪುವುದಿಲ್ಲ. ಇಪ್ಪತ್ತೊಂಬತ್ತು ವರ್ಷದವನು ಅಲ್ಲಿಯ ತನಕ ಮುದುಕರನ್ನೇ ಕಂಡಿರಲಿಲ್ಲವೇ ಅಂತ ಕೇಳುತ್ತಾರೆ. ಅವರ ಪ್ರಕಾರ ಮನೆ ಬಿಟ್ಟದ್ದು ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಎದ್ದ ಜಗಳದಲ್ಲಿ, ಯುದ್ಧ ಬೇಡ ಅಂದದ್ದಕ್ಕೆ. ಹುಟ್ಟು ದುಃಖ, ಮುಪ್ಪು ದುಃಖ, ಸಾವು ದುಃಖ ಅಂತಾದರೆ ಮನುಷ್ಯನಿಗೆ ಆಸೆ ಎಲ್ಲಿ ಉಳಿಯಿತು ಅಂತಲೂ ಅದೇ ಪುಸ್ತಕದ ಮುನ್ನುಡಿಯಲ್ಲಿ ಪ್ರಶ್ನೆ ಎತ್ತುತ್ತಾರೆ. ಇದನ್ನು ನಾನು ಮೊದಲ ಸಲ ಓದಿದಾಗ ಪಂಡಿತರ ತರ್ಕ ಅಂತ ದಾಟಿಬಿಟ್ಟಿದ್ದೆ. ಈಗ ಬೇರೆ ಕಾಣುತ್ತದೆ. ಮುದುಕನನ್ನು ಕಂಡು ಬೆಚ್ಚುವುದು ಅರಮನೆಯಲ್ಲಿ ಬೆಳೆದವನಿಗೆ ಮಾತ್ರ ಸಾಧ್ಯ. ಹಟ್ಟಿಯ ಹುಡುಗನಿಗೆ ಬೆಚ್ಚಬೇಕಾದರೆ ಆರೋಗ್ಯವಾಗಿರುವ ಎಂಬತ್ತರ ಮುದುಕ ಕಾಣಬೇಕು.

ಅವರು ಬರೆದದ್ದಷ್ಟೇ ಅಲ್ಲ, ಮಾಡಿದ್ದೂ ಇದೆ. 1942ರಿಂದ 46ರ ತನಕ ವೈಸ್‌ರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ಅವರ ಕೈಯಲ್ಲಿತ್ತು. 1946ರ ತಿದ್ದುಪಡಿಯಲ್ಲಿ ಕಾರ್ಖಾನೆಯ ವಾರದ ದುಡಿತ 54 ಗಂಟೆಯಿಂದ 48ಕ್ಕೆ ಇಳಿಯಿತು. ವಾರಕ್ಕೆ ಆರು ಗಂಟೆ ಮೈಗೆ ಬಿಡುವು. ಆಯುಸ್ಸು ಹೆಚ್ಚಿಸಿದವರ ಪಟ್ಟಿ ಮಾಡುವವರು ಪ್ರಯೋಗಾಲಯದ ಹೆಸರುಗಳ ಜೊತೆ ಈ ಹೆಸರನ್ನೂ ಬರೆಯಲಿ. ಸಕ್ಕರೆ ಕಾಯಿಲೆಯಲ್ಲಿ ನರಳುತ್ತ ಅವರು ಹೋದದ್ದು 65ನೇ ವಯಸ್ಸಿನಲ್ಲಿ. ನಮ್ಮ ರಾಜ್ಯ 2023ರಲ್ಲಿ ಕಾರ್ಖಾನೆ ಕಾನೂನಿಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿಯೊಳಗೇ ದಿನಕ್ಕೆ 12 ಗಂಟೆಯ ತನಕ ದುಡಿಸಲು ದಾರಿ ಮಾಡಿತು.

ಈಗ ನಾನು ಮೊದಲು ನೆನಪಿಡಿ ಅಂದ ಹುಳದ ಮಾತಿಗೆ ಬರುತ್ತೇನೆ. ಆಯುಸ್ಸು ಹೆಚ್ಚಿಸುವವರು ಯಾಕೆ ಹೆಚ್ಚಿಸುತ್ತಾರೆ ಅನ್ನುವುದನ್ನು ಕೇಳಬೇಕು. ಈ ವಿಜ್ಞಾನಕ್ಕೆ ದುಡ್ಡು ಹಾಕುವವರ ಬಾಯಲ್ಲಿ ‘ಉತ್ಪಾದಕ ವರ್ಷಗಳು’ ಅನ್ನುವ ಮಾತು ಬರುತ್ತದೆ. ಗಟ್ಟಿಯಾಗಿದ್ದರೆ ಇನ್ನೂ ದುಡಿಯಬಹುದು. 2023ರಲ್ಲಿ ಫ್ರಾನ್ಸಿನ ಸರ್ಕಾರ ಪಿಂಚಣಿಯ ವಯಸ್ಸನ್ನು 62ರಿಂದ 64ಕ್ಕೆ ಏರಿಸುವ ಕಾನೂನು ಮಾಡಿದಾಗ ಲಕ್ಷಗಟ್ಟಲೆ ಜನ ಬೀದಿಗಿಳಿದರು. ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ ಅನ್ನುವುದೇ ಸರ್ಕಾರದ ವಾದವಾಗಿತ್ತು. ಒಂದು ದಿನ ಹೆಚ್ಚು ಸೊಪ್ಪು ತಿನ್ನಿಸಿ ದಪ್ಪ ಗೂಡು ಕಟ್ಟಿಸಿ ಆವಿಗೆ ಹಿಡಿಯುವ ಲೆಕ್ಕಕ್ಕೂ ಇದಕ್ಕೂ ಎಷ್ಟು ದೂರ? ದೊಡ್ಡವ್ವನ ಪ್ರಶ್ನೆ ಇದೇ ಆಗಿತ್ತು, ನನಗೆ ಅರ್ಥವಾಗಲು ತಡವಾಯಿತು.

ರಾಪಮೈಸಿನ್ ಅಂದೆನಲ್ಲ, ಅದರ ಹೆಸರಿನ ಕಥೆ ಕೇಳಿ. ಪೆಸಿಫಿಕ್ ಸಾಗರದ ನಡುವೆ ರಾಪಾನೂಯಿ ಅನ್ನುವ ದ್ವೀಪ. ಬಿಳಿಯರು ಈಸ್ಟರ್ ದ್ವೀಪ ಅಂದರು. 1862ರಲ್ಲಿ ಪೆರುವಿನಿಂದ ಬಂದ ಗುಲಾಮರ ವ್ಯಾಪಾರಿಗಳು ಅಲ್ಲಿನ ಜನರನ್ನು ಹಿಡಿದು ಸಾಗಿಸಿದರು. ಮರಳಿದ ಕೆಲವರ ಜೊತೆ ಸಿಡುಬು ಬಂತು. 1877ಕ್ಕೆ ದ್ವೀಪದಲ್ಲಿ ಉಳಿದ ಮೂಲ ಜನ 111. ನೂರು ವರ್ಷದ ಮೇಲೆ, 1964ರಲ್ಲಿ, ಕೆನಡಾದ ವೈದ್ಯರ ತಂಡವೊಂದು ಹೋಗಿ ಮಣ್ಣು ತಂದಿತು. ಆ ಮಣ್ಣಿನ ಸೂಕ್ಷ್ಮಜೀವಿಯಿಂದ ಔಷಧಿ ಬೇರ್ಪಡಿಸಿದವರಲ್ಲಿ ಮುಖ್ಯರು ಅವಿಭಜಿತ ಭಾರತದಲ್ಲಿ ಹುಟ್ಟಿದ ಸುರೇಂದ್ರನಾಥ ಸೆಹಗಲ್. ಆಯುಸ್ಸು ಹೆಚ್ಚಿಸುವ ಔಷಧಿಗೆ, ಆಯುಸ್ಸೇ ಕಿತ್ತುಕೊಂಡ ಜನರ ದ್ವೀಪದ ಹೆಸರು. ಔಷಧಿಯ ತಪ್ಪಲ್ಲ ಅದು, ಸೆಹಗಲ್ ಅವರ ತಪ್ಪೂ ಅಲ್ಲ. ಆದರೆ ಗುಳಿಗೆ ನುಂಗುವವನು ಹೆಸರಿನ ಅರ್ಥ ತಿಳಿದಿರಲಿ.

ಹಾಗಾದರೆ ಈ ವಿದ್ಯೆಯಿಂದ ನಮಗೇನು? ಒಂದು ಉಪಯೋಗ ನನಗೆ ಕಾಣುತ್ತದೆ, ಅದರ ಜೊತೆಗೇ ಒಂದು ಭಯ. 2013ರಲ್ಲಿ ಸ್ಟೀವ್ ಹೊರ್ವಾತ್ ಅನ್ನುವವರು ಜೀವಕೋಶದ ಡಿಎನ್ಎ ಮೇಲೆ ಕೂತ ರಾಸಾಯನಿಕ ಗುರುತುಗಳನ್ನು 353 ಜಾಗಗಳಲ್ಲಿ ಓದಿ ಮೈಯ ವಯಸ್ಸು ಅಂದಾಜು ಮಾಡುವ ಗಡಿಯಾರ ಕಟ್ಟಿದರು. ದನದ ಜಾತ್ರೆಯಲ್ಲಿ ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವ ಹಾಗೆ. ಕಾಗದದ ವಯಸ್ಸು ಬೇರೆ, ಮೈಯ ವಯಸ್ಸು ಬೇರೆ ಅನ್ನುವುದನ್ನು ಹಟ್ಟಿಯವರು ಎಷ್ಟು ಹೇಳಿದರೂ ಕಚೇರಿ ಕೇಳಲಿಲ್ಲ. ಈಗ ವಿಜ್ಞಾನ ಹೇಳುತ್ತಿದೆ. ಬಡವರಿಗೆ ಅರವತ್ತಕ್ಕೆ ವೃದ್ಧಾಪ್ಯ ವೇತನ, ಅರವತ್ತೈದಕ್ಕೆ ಸಂಧ್ಯಾ ಸುರಕ್ಷಾ. ತಿಂಗಳಿಗೆ ಸಾವಿರ ಇದ್ದದ್ದನ್ನು 2021ರಲ್ಲಿ 1,200 ಮಾಡಿದರು. ಎಲ್ಲರಿಗೂ ಒಂದೇ ವಯಸ್ಸು ಅನ್ನುವುದು ನೋಡಲು ಸಮಾನತೆ. ಆದರೆ ಬೇಗ ಸವೆಯುವವನಿಗೂ ನಿಧಾನ ಸವೆಯುವವನಿಗೂ ಒಂದೇ ಗೆರೆ ಎಳೆದರೆ, ಬೇಗ ಸಾಯುವವರು ಕಟ್ಟಿದ ತೆರಿಗೆಯಲ್ಲಿ ತಡವಾಗಿ ಸಾಯುವವರು ಪಿಂಚಣಿ ಉಣ್ಣುತ್ತಾರೆ. ವಯಸ್ಸನ್ನು ಕೆಲಸದ ಲೆಕ್ಕದಲ್ಲಿ ನೋಡುವುದು ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. ಸೈನ್ಯಕ್ಕೆ ಹರೆಯದ ಮೈ ಬೇಕು, ಆದ್ದರಿಂದ ಖಾಯಂ ಸಿಪಾಯಿಗೆ ಹದಿನೈದು ವರ್ಷ ಸೇವೆಗೆ ಪಿಂಚಣಿ ಇಟ್ಟರು. 2022ರ ಅಗ್ನಿಪಥದವರಿಗೆ ಅದೂ ಇಲ್ಲ. ಹದಿನೈದು ವರ್ಷ ಬಿಸಿನೀರಿನಲ್ಲಿ, ಕಲ್ಲಿನ ದೂಳಿನಲ್ಲಿ, ಪೌರಕಾರ್ಮಿಕರ ಚರಂಡಿಯಲ್ಲಿ ಕಳೆದ ಮೈಗೆ ಯಾಕೆ ಇಲ್ಲ ಅಂತ ಕೇಳಲು ಯಾವ ಗಡಿಯಾರವೂ ಬೇಕಿಲ್ಲ. ಗಡಿಯಾರ ಇದ್ದರೆ ಸಾಕ್ಷಿ ಹೇಳಲಿ.

ಭಯ ಏನೆಂದರೆ, ಜಾತ್ರೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ನೋಡುವವನು ಕೊಳ್ಳುವವನು. ಅದೇ ಗಡಿಯಾರವನ್ನು ನಾಳೆ ಕೆಲಸ ಕೊಡುವವನು ಹಿಡಿದು ‘ಕಾಗದದಲ್ಲಿ ಮೂವತ್ತು, ಮೈಗೆ ನಲವತ್ತೈದು, ನಡಿ’ ಅನ್ನಬಹುದು. ವಿಮೆಯವನು ಕಂತು ಏರಿಸಬಹುದು. ಇದು ನಮ್ಮ ಗಮನದಲ್ಲಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2024ರಲ್ಲಿ ‘ಲಾಂಜೆವಿಟಿ ಇಂಡಿಯಾ’ ಅನ್ನುವ ಕಾರ್ಯಕ್ರಮ ಶುರು ಮಾಡಿ ಭಾರತೀಯರ ಮೈಯ ಮುಪ್ಪಿನ ಗುರುತುಗಳನ್ನು ಹುಡುಕುತ್ತಿದೆ. ಬಿಳಿಯರ ಮೈಯಿಂದ ಮಾಡಿದ ಅಳತೆಗೋಲು ನಮಗೆ ಹೊಂದುವುದಿಲ್ಲ ಅನ್ನುವ ಅವರ ಮಾತು ಸರಿ. ಆದರೆ ಭಾರತೀಯರು ಅಂದರೆ ಯಾರು? ಅದೇ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಿಗೆ ಹೋಗಿ ನಲವತ್ತೈದು ದಾಟಿದ ಸಾವಿರಾರು ಜನರನ್ನು ವರ್ಷ ವರ್ಷ ಪರೀಕ್ಷಿಸುತ್ತಿದ್ದಾರೆ, ಒಳ್ಳೆಯ ಕೆಲಸ. ರಾಮನಗರವೂ ದೂರವಿಲ್ಲ, ಐವತ್ತು ಕಿಲೋಮೀಟರು. 2025ರಲ್ಲಿ ನಮ್ಮ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಅಂತ ಮಾಡಿದರಲ್ಲ, ಹಾಗಾಗಿ ಈಗ ಇನ್ನೂ ಹತ್ತಿರ! ಒಂದು ವ್ಯಾನು ಇಲ್ಲಿಗೂ ಬರಲಿ. ನೂಲು ಬಿಚ್ಚಿದವರ, ಕಲ್ಲು ಒಡೆದವರ, ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗಿನ ಬಣ್ಣ ಹಿಡಿಸುತ್ತ ಬೆನ್ನು ಬಗ್ಗಿಸಿದವರ ರಕ್ತ ತೆಗೆಯಲಿ, ಪಕ್ಕದಲ್ಲಿ ಜಾತಿಯನ್ನೂ ಕೆಲಸವನ್ನೂ ಕೆಲಸಕ್ಕೆ ಸೇರಿದ ವಯಸ್ಸನ್ನೂ ಬರೆದುಕೊಳ್ಳಲಿ, ಫಲಿತಾಂಶವನ್ನು ನಮಗೂ ಕನ್ನಡದಲ್ಲಿ ಕೊಡಲಿ. ಜಾತಿ ಬರೆಯದ ಮುಪ್ಪಿನ ವಿಜ್ಞಾನ ಈ ದೇಶದಲ್ಲಿ ಅರ್ಧ ವಿಜ್ಞಾನ.

ದೊಡ್ಡವ್ವನಿಗೆ ಉತ್ತರ ಕೊಟ್ಟೆನೇ? ಪೂರ್ತಿ ಇಲ್ಲ. ಬದುಕು ಸಾಕು ಅನ್ನುವ ಅವಳ ಮಾತನ್ನು ತೃಪ್ತಿ ಅಂತ ನಾನು ಓದಲಾರೆ. ಹಣ್ಣಾದವರು ಸಾಕು ಅನ್ನುವುದಕ್ಕೂ ದಣಿದವರು ಸಾಕು ಅನ್ನುವುದಕ್ಕೂ ವ್ಯತ್ಯಾಸ ಇದೆ. ಆದರೆ ಅವಳ ಪರವಾಗಿ ‘ಬೇಕು’ ಅನ್ನಲು ನಾನು ಯಾರು ಅನ್ನುವ ಅಳುಕೂ ಇದೆ. ಹೋದ ಭಾನುವಾರ ಅದನ್ನೇ ಕೇಳಿದೆ: ‘ದೊಡ್ಡವ್ವ, ಕೆಲ್ಸ ಇಲ್ದೆ, ಎದೆ ಉಬ್ಬಸ ಇಲ್ದೆ, ಊಟ ಔಷ್ದಿ ಕೊಟ್ಟು ಬದುಕ್ಸುದ್ರೆ?’ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಅಂಗಾದ್ರೆ ನೋಡನಪ್ಪ. ಮೊಮ್ಮಗ್ಳು ಮದ್ವೆ ನೋಡ್ಬೋದು. ಧರ್ಮಸ್ಥಳಕ್ಕೊಂದ್ಸಲ ಹೋಗ್ಬೋದು’ ಅಂದಳು. ಆ ಮೊಮ್ಮಗಳಿಗೆ ಈಗ ಆರು ವರ್ಷ.

ಅರ್ಜಿಯನ್ನು ಇನ್ನೊಂದು ಸಲ ಬರೆಯುತ್ತಿದ್ದೇನೆ. ಈ ಸಲ ಉಬ್ಬಸದ ವೈದ್ಯರ ಚೀಟಿಯನ್ನೂ ಕೈಯ ಫೋಟೋವನ್ನೂ ಇಟ್ಟಿದ್ದೇನೆ. ವಯಸ್ಸು ಅನ್ನುವ ಜಾಗಕ್ಕೆ ಬಂದಾಗ ಏನು ಬರೆಯಲಿ ಅಂತ ಕೇಳಿದೆ. ‘ಅದೇನೋ ಗಡಿಯಾರ ಅಂದ್ಯಲ್ಲ, ಅದೇನ್ ಹೇಳ್ತದೋ ಅದ್ನೇ ಬರಿ’ ಅಂದಳು. ನಾನು 57 ಅಂತಲೇ ಬರೆದೆ.